ನಿಮಿಷಕ್ಕೆ ಅರವತ್ತೊಂದು

ನಿಮಿಷಕ್ಕೆ ಅರವತ್ತೇ ಸೆಕೆಂಡು ಎಂದು ಮಗ್ಗಿಯಂತೆ ಉರುಹೊಡೆದವರಿಗೆ 2016ರ ಡಿಸೆಂಬರ್ 31 ಸ್ವಲ್ಪ ಇರುಸುಮುರುಸಿನ ದಿನ. ಅಂದು ಯುಟಿಸಿ (ಜಗತ್ತಿನ ಗಡಿಯಾರಗಳಿಗೆಲ್ಲ ಆಧಾರವಾದ ಪ್ರಮಾಣಿತ ಕಾಲ) ಲೆಕ್ಕದಲ್ಲಿ 23:59:59 ಆದಮೇಲೆ ಹೊಸ ವರ್ಷ ಹುಟ್ಟಲಿಲ್ಲ. ನಡುವೆ 23:59:60 ಎಂಬುದೊಂದು ಬಂದು, ಸೆಕೆಂಡು ಕಾಲ ಕೂತು ಎದ್ದುಹೋಯಿತು. ಲೀಪ್ ಸೆಕೆಂಡ್ ಎಂದರೆ ಇದೇ. 1972ರಿಂದ ಇಂಥವು ಇಪ್ಪತ್ತೇಳು ಬಂದಿವೆ; ಕೊನೆಯದು ಅದೇ.

ಭೂಮಿ ನಿಧಾನವಾಗುತ್ತಿದೆ, ಅದಕ್ಕೇ ಸೆಕೆಂಡು ಸೇರಿಸುತ್ತಾರೆ ಎನ್ನುವುದು ಎಲ್ಲರ ಬಾಯಲ್ಲೂ ಇರುವ ವಿವರಣೆ. ಅರ್ಧ ನಿಜ. ಉಬ್ಬರವಿಳಿತದ ನೆಪದಲ್ಲಿ ಚಂದ್ರ ಭೂಮಿಯ ತಿರುಗಾಟಕ್ಕೆ ಬ್ರೇಕ್ ಹಾಕುತ್ತಿರುವುದು ಹೌದು. ಆದರೆ ಅದರಿಂದ ದಿನ ಉದ್ದವಾಗುವುದು ನೂರು ವರ್ಷಕ್ಕೆ ಎರಡು ಮಿಲಿಸೆಕೆಂಡಿನ ಆಸುಪಾಸು. ಇಷ್ಟಕ್ಕೆ 1970ರ ದಶಕದಲ್ಲಿ ಹೆಚ್ಚುಕಡಿಮೆ ವರ್ಷಕ್ಕೊಂದು ಸೆಕೆಂಡು ಬೇಕಾಯಿತೇಕೆ? ತಕರಾರು ಇರುವುದು ಅಳತೆಗೋಲಿನಲ್ಲಿ. 1967ರಲ್ಲಿ ಸೀಸಿಯಂ-133 ಪರಮಾಣುವಿನ ವಿಕಿರಣದ 9,192,631,770 ಆವರ್ತಗಳಿಗೆ ಒಂದು ಸೆಕೆಂಡು ಎಂದು ಗೊತ್ತುಮಾಡಿದರು. ಆ ಸಂಖ್ಯೆಯನ್ನು ಹೊಂದಿಸಿದ್ದು ಹಳೆಯ ಖಗೋಳ ಕೋಷ್ಟಕಗಳಿಗೆ, ಆ ಕೋಷ್ಟಕಗಳ ಹಿಂದೆ ಇದ್ದದ್ದು 18 ಮತ್ತು 19ನೇ ಶತಮಾನದ ವೀಕ್ಷಣೆಗಳು. ಹೀಗಾಗಿ ನಮ್ಮ ಅತ್ಯಾಧುನಿಕ ಸೆಕೆಂಡು ಸರಿಯಾಗಿ ಹೊಂದುವುದು 1820ರ ಸುಮಾರಿನ ದಿನಕ್ಕೆ! 1972ರ ಹೊತ್ತಿಗೆ ದಿನವೆಂಬುದು 86,400 ಸೆಕೆಂಡಿಗಿಂತ ಮೂರು ಮಿಲಿಸೆಕೆಂಡಿನಷ್ಟು ಉದ್ದವಾಗಿತ್ತು. ಮೂರನ್ನು 365ರಿಂದ ಗುಣಿಸಿ ನೋಡಿ, ವರ್ಷಕ್ಕೊಂದು ಸೆಕೆಂಡು ಸಿಕ್ಕಿತಲ್ಲ. ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುವ ಗೋಡೆ ಗಡಿಯಾರ ಇನ್ನಷ್ಟು ನಿಧಾನವಾಗಬೇಕಿಲ್ಲ, ಹಾಗೇ ಇದ್ದರೂ ತಿಂಗಳಿಗೆ ಒಂದು ಗಂಟೆ ತಿಂದುಹಾಕುತ್ತದೆ.

ಇದೇ ಚಿಲ್ಲರೆ ಶತಮಾನಗಟ್ಟಲೆ ಸೇರುತ್ತ ಹೋದರೆ ಏನಾಗುತ್ತದೆಂಬುದಕ್ಕೆ ಬ್ಯಾಬಿಲೋನಿನ ಮಣ್ಣಿನ ಫಲಕಗಳು ಸಾಕ್ಷಿ. ಕ್ರಿ.ಪೂ. 136ರಲ್ಲಿ ಅಲ್ಲಿನವರು ಪೂರ್ಣ ಸೂರ್ಯಗ್ರಹಣ ನೋಡಿ ಬರೆದಿಟ್ಟಿದ್ದಾರೆ. ಭೂಮಿಯ ವೇಗ ಬದಲಾಗಿಯೇ ಇಲ್ಲವೆಂದು ಹಿಂದಕ್ಕೆ ಲೆಕ್ಕ ಹಾಕಿದರೆ ಗ್ರಹಣದ ನೆರಳು ಬ್ಯಾಬಿಲೋನನ್ನು ಬಿಟ್ಟು ಸುಮಾರು 49 ಡಿಗ್ರಿ ದೂರ ಹಾಯುತ್ತದೆ. ಕಾಲದ ಲೆಕ್ಕದಲ್ಲಿ ಮೂರೂಕಾಲು ಗಂಟೆ.

ಚಂದ್ರನೊಬ್ಬನೇ ಇದ್ದಿದ್ದರೆ ಲೆಕ್ಕ ಸಲೀಸಾಗುತ್ತಿತ್ತು. ಭೂಮಿಯೊಳಗಿನ ದ್ರವ ಲೋಹದ ಗರ್ಭ ತನ್ನ ಲಯದಲ್ಲಿ ತಿರುಗುತ್ತ ಮೇಲಿನ ಕವಚದ ಜೊತೆ ವೇಗವನ್ನು ಕೊಡುಕೊಳ್ಳುತ್ತದೆ. ಗಾಳಿಯ ಹೊಯ್ದಾಟಕ್ಕೆ ವರ್ಷದೊಳಗೇ ದಿನದ ಉದ್ದ ಮಿಲಿಸೆಕೆಂಡಿನಷ್ಟು ಏರಿಳಿಯುತ್ತದೆ. 2020ರಿಂದೀಚೆಗೆ 86,400 ಸೆಕೆಂಡಿಗಿಂತ ಚಿಕ್ಕ ದಿನಗಳೇ ಬರತೊಡಗಿವೆ. 2024ರ ಜುಲೈ 5ರ ದಿನ 1.66 ಮಿಲಿಸೆಕೆಂಡು ಕಡಿಮೆಯಿತ್ತು. ಫೆಬ್ರವರಿ 29 ಯಾವಾಗ ಬರುತ್ತದೆಂದು ಪ್ರೋಗ್ರಾಂ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಲೀಪ್ ಸೆಕೆಂಡಿಗೆ ಅಂಥ ಸೂತ್ರವೇ ಇಲ್ಲ. ಕ್ವೇಸಾರ್ ಎಂಬ ಬಹುದೂರದ ಉಜ್ವಲ ಆಕಾಶಕಾಯಗಳನ್ನು ರೇಡಿಯೋ ದೂರದರ್ಶಕಗಳಿಂದ ನೋಡಿ ಭೂಮಿ ಎಷ್ಟು ತಿರುಗಿದೆ ಎಂದು ಅಳೆಯಬೇಕು. ಹೀಗೆ ಭೂಮಿಯ ತಿರುಗಾಟದಿಂದ ಅಳೆದ ಕಾಲಕ್ಕೂ ಯುಟಿಸಿಗೂ ಅಂತರ 0.9 ಸೆಕೆಂಡು ಮೀರದಂತೆ ಕಾಯುವುದು ಭೂಮಿಯ ತಿರುಗಾಟವನ್ನು ಗಮನಿಸುವ ಐಇಆರ್‌ಎಸ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಕೆಲಸ. ಅದು ಪ್ಯಾರಿಸ್ ವೀಕ್ಷಣಾಲಯದಿಂದ ಆರು ತಿಂಗಳಿಗೊಮ್ಮೆ 'ಬುಲೆಟಿನ್ ಸಿ' ಹೊರಡಿಸಿ, ಬರುವ ಜೂನ್ ಅಥವಾ ಡಿಸೆಂಬರ್ ಕೊನೆಗೆ ಸೆಕೆಂಡು ಉಂಟೋ ಇಲ್ಲವೋ ತಿಳಿಸುತ್ತದೆ.

ಖಗೋಳದವರಿಗೆ ಇದು ನೆಮ್ಮದಿ. ಪಾಡೆಲ್ಲ ಕಂಪ್ಯೂಟರಿನವರದು. ಕಂಪ್ಯೂಟರುಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಯುನಿಕ್ಸ್ ಕಾಲಗಣನೆಗೆ ಪ್ರತಿ ದಿನವೂ 86,400 ಸೆಕೆಂಡೇ. ಅರವತ್ತೊಂದನೆಯದಕ್ಕೆ ಅಲ್ಲಿ ಜಾಗವೇ ಇಲ್ಲ. ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್ ಮಾಡುವುದಿಷ್ಟೇ: ಗಡಿಯಾರವನ್ನು ಒಂದು ಸೆಕೆಂಡು ಹಿಂದಕ್ಕೆ ತಳ್ಳಿ ಅದೇ ಸೆಕೆಂಡನ್ನು ಮತ್ತೊಮ್ಮೆ ಎಣಿಸುವುದು. 2012ರ ಜೂನ್ 30ರಂದು ಹೀಗೆ ತಳ್ಳಿದ ಸುದ್ದಿ ಕರ್ನಲ್ಲಿನದೇ ಟೈಮರ್ ವಿಭಾಗಕ್ಕೆ ಮುಟ್ಟಲಿಲ್ಲ. ಸೆಕೆಂಡಿಗಿಂತ ಕಡಿಮೆ ಹೊತ್ತು ಕಾಯಬೇಕಿದ್ದ ಕೆಲಸಗಳೆಲ್ಲ ಕಾಯದೆ ತಕ್ಷಣ ಎದ್ದು, ಮತ್ತೆ ಮಲಗಿ, ಮತ್ತೆ ಎದ್ದು, ಪ್ರೊಸೆಸರನ್ನು ನೂರಕ್ಕೆ ನೂರು ದುಡಿಸಿಬಿಟ್ಟವು. ಮದ್ದು ನಗು ಬರಿಸುವಷ್ಟು ಸರಳ. ಡೇಟ್ ಕಮಾಂಡಿನಿಂದ ಈಗಿರುವ ಸಮಯವನ್ನೇ ಇನ್ನೊಮ್ಮೆ ಹೊಂದಿಸಿದರೆ ಸಾಕಿತ್ತು. 2017ರ ಮೊದಲ ಕ್ಷಣದಲ್ಲಿ ಇಂಟರ್ನೆಟ್ ಸೇವಾ ಕಂಪನಿ ಕ್ಲೌಡ್‌ಫ್ಲೇರ್‌ನ ಡಿಎನ್‌ಎಸ್ (ಜಾಲತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಎಡವಿದ್ದೂ ಇದೇ ಕಲ್ಲಿಗೆ. ಎರಡು ಸಮಯಗಳನ್ನು ಕಳೆದರೆ ಉತ್ತರ ಋಣಸಂಖ್ಯೆ ಬಂತು, ಹಾಗೆ ಬರಬಹುದೆಂದು ಕೋಡ್ ಬರೆದವರು ಎಣಿಸಿರಲಿಲ್ಲ. 'ಸೊನ್ನೆಗೆ ಸಮವೇ' ಎಂಬ ಪರೀಕ್ಷೆಯನ್ನು 'ಸೊನ್ನೆ ಅಥವಾ ಅದಕ್ಕಿಂತ ಕಡಿಮೆಯೇ' ಎಂದು ತಿದ್ದಿದರು. ಬದಲಾದದ್ದು ಒಂದೇ ಅಕ್ಷರ. ಅವಧಿ ಅಳೆಯಲು ಗೋಡೆ ಗಡಿಯಾರದಂತೆ ತಿದ್ದಬಹುದಾದ ಸಮಯ ಬಳಸಬೇಡಿ, ಹಿಂದಕ್ಕೆ ಹೋಗದ ಮೊನೊಟೊನಿಕ್ ಗಡಿಯಾರ ಬಳಸಿ ಎಂದು ಅನುಭವಿಗಳು ಗೋಗರೆಯುವುದು ಸುಮ್ಮನಲ್ಲ.

ಗೂಗಲ್ ಹಿಡಿದ ದಾರಿ ಬೇರೆ: ಆ ಸೆಕೆಂಡನ್ನು ಮಧ್ಯಾಹ್ನದಿಂದ ಮಧ್ಯಾಹ್ನಕ್ಕೆ ತೆಳ್ಳಗೆ ಸವರಿಬಿಡುವುದು. ಪ್ರತಿ ಸೆಕೆಂಡೂ ಹತ್ತು ಲಕ್ಷದಲ್ಲಿ 11.6 ಪಾಲಿನಷ್ಟು ಹಿಗ್ಗುತ್ತದೆ, ಯಾರಿಗೂ ನೋವಾಗುವುದಿಲ್ಲ. ಆದರೆ ಸವರುವ ಸರ್ವರನ್ನೂ ಸವರದ ಸರ್ವರನ್ನೂ ಒಂದೇ ಎನ್‌ಟಿಪಿ (ಜಾಲದ ಮೂಲಕ ಕಂಪ್ಯೂಟರ್ ಗಡಿಯಾರಗಳನ್ನು ಹೊಂದಿಸುವ ವಿಧಾನ) ಪಟ್ಟಿಯಲ್ಲಿ ಹಾಕಿದಿರೋ, ನಡುರಾತ್ರಿಯ ಹೊತ್ತಿಗೆ ಇಬ್ಬರೂ ಅರ್ಧ ಸೆಕೆಂಡಿನ ಅಂತರದಲ್ಲಿ ನಿಂತು ತಾನು ಸರಿ ತಾನು ಸರಿ ಎಂದು ಜಗಳವಾಡುತ್ತಾರೆ. ಬೆರೆಸಲೇಬಾರದು.

ಜಿಪಿಎಸ್ ಈ ರಗಳೆಯನ್ನೇ ಹಚ್ಚಿಕೊಂಡಿಲ್ಲ. ಅದರ ಕಾಲ 1980ರಿಂದ ಲೀಪ್ ಸೆಕೆಂಡಿಲ್ಲದೆ ನಡೆದು ಈಗ ಯುಟಿಸಿಗಿಂತ 18 ಸೆಕೆಂಡು ಮುಂದಿದೆ. ಈ 18ರ ಮಾಹಿತಿಯನ್ನು ಉಪಗ್ರಹ ಹನ್ನೆರಡೂವರೆ ನಿಮಿಷಕ್ಕೊಮ್ಮೆ ಮಾತ್ರ ಬಿತ್ತರಿಸುವುದರಿಂದ, ಹೊಸದಾಗಿ ಚಾಲೂ ಮಾಡಿದ ರಿಸೀವರ್ ಅಷ್ಟು ಹೊತ್ತು ತಪ್ಪು ಸಮಯ ತೋರಿಸಿದರೆ ಕೆಟ್ಟಿದೆ ಎಂದುಕೊಳ್ಳಬೇಡಿ.

ಇಷ್ಟೆಲ್ಲ ಸೇರಿಸುವ ಕಥೆ. ಭೂಮಿ ಹೀಗೇ ಚುರುಕಾಗುತ್ತ ಹೋದರೆ ಒಂದು ಸೆಕೆಂಡು ಕಳೆಯಬೇಕಾದೀತು: 23:59:58 ಆದೊಡನೆ 00:00:00. ಎನ್‌ಟಿಪಿಯಲ್ಲಿ ಇದಕ್ಕೆ ಸಂಕೇತ ಮೊದಲಿನಿಂದಲೂ ಇದೆ, ನಿಜಕ್ಕೂ ಬಳಸಿದ್ದು ಒಮ್ಮೆಯೂ ಇಲ್ಲ. ಧ್ರುವದ ಹಿಮ ಕರಗಿ ನೀರು ಸಮಭಾಜಕದ ಕಡೆ ಹರಡುತ್ತಿರುವುದು ಭೂಮಿಯನ್ನು ತುಸು ನಿಧಾನಿಸಿ ಆ ಗಳಿಗೆಯನ್ನು ಮುಂದೂಡಿದೆ ಎಂದು 2024ರಲ್ಲಿ ಭೂಭೌತವಿಜ್ಞಾನಿ ಡಂಕನ್ ಆಗ್ನ್ಯೂ ಲೆಕ್ಕ ಹಾಕಿ ತೋರಿಸಿದರು. ಕೂಡಿಸುವುದನ್ನು ಇಪ್ಪತ್ತೇಳು ಸಲ ಅಭ್ಯಾಸ ಮಾಡಿಯೂ ಎಡವಿದವರು ಕಳೆಯುವುದನ್ನು ಮೊದಲ ಯತ್ನದಲ್ಲೇ ಗೆಲ್ಲುತ್ತಾರೆಂದು ನಂಬುವುದು ಕಷ್ಟ.

2022ರ ನವೆಂಬರಿನಲ್ಲಿ ತೂಕ ಮತ್ತು ಅಳತೆಗಳ ಮಹಾಸಭೆ 0.9ರ ಮಿತಿಯನ್ನು 2035ರೊಳಗೆ ಸಡಿಲಿಸಲು ತೀರ್ಮಾನಿಸಿತು. ಕನಿಷ್ಠ ನೂರು ವರ್ಷ ಯುಟಿಸಿ ಕಡಿಯದೆ ಓಡಬೇಕೆಂಬುದು ಉದ್ದೇಶ. ಮಿತಿಯನ್ನು ಒಂದು ನಿಮಿಷಕ್ಕೆ ಏರಿಸಿ, ತುಂಬಿದಾಗ ಒಟ್ಟಿಗೇ ಸೇರಿಸೋಣ ಎಂಬ ಮಾತೂ ಕೇಳಿಬಂದಿದೆ. ಶತಮಾನಕ್ಕೊಮ್ಮೆ ಮಾತ್ರ ಓಡುವ ಕೋಡನ್ನು ಯಾರು ಬರೆಯುತ್ತಾರೆ, ಯಾರು ಪರೀಕ್ಷಿಸುತ್ತಾರೆ?