ಕಾರಿನ ಸರಳೆ ವರಸೆ

ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆಯ ನಿಜವಾದ ಅರ್ಥ ನನಗೆ ತಿಳಿದದ್ದು ಎಲೆಕ್ಟ್ರಿಕ್ ಕಾರಿನ ಷೋರೂಮಿನಲ್ಲಿ. ಅಲ್ಲಿ ಮೌನಕ್ಕೆ ಬಂಗಾರದ ದರವನ್ನೇ ಹಾಕಿದ್ದರು. ಮಾರಾಟದ ಹುಡುಗ ಕಾರನ್ನು ಚಾಲೂ ಮಾಡಿ, "ಏನಾದರೂ ಕೇಳಿಸಿತೇ ಸರ್?" ಎಂದ. ಇಲ್ಲ ಎಂದೆ. "ಅದಕ್ಕೇ ಸರ್ ಈ ಬೆಲೆ" ಎಂದ. ಏನೂ ಕೇಳಿಸದಿದ್ದರೂ ದುಡ್ಡು ಕೊಟ್ಟವರಲ್ಲಿ ನಾನು ಮೊದಲಿಗನೇನಲ್ಲ. ಸಂಗೀತ ಸಭೆಗಳಲ್ಲಿ ಕಡೆಯ ಸಾಲಿನ ಟಿಕೆಟ್ ತೆಗೆದವರೆಲ್ಲ ನನ್ನ ಬಂಧುಗಳು.

ಮೂರು ವರ್ಷ ಸುಖವಾಗಿ ಕಳೆಯಿತು. ಮೀಟರು ಅರವತ್ತು ಸಾವಿರ ಕಿಲೋಮೀಟರ್ ದಾಟಿದ ಮೇಲೆ ಒಂದು ಬೆಳಿಗ್ಗೆ ಕಾರಿನೊಳಗೆ "ಕುಂಯ್" ಎಂದಿತು. ಬೆಂಗಳೂರಿನವನಿಗೆ ಹೊಳೆಯುವುದು ಒಂದೇ: ಸೊಳ್ಳೆ. ಒಂದು ವಾರ ಕಾರಿನಲ್ಲಿ ಸೊಳ್ಳೆ ಬ್ಯಾಟು ಇಟ್ಟುಕೊಂಡು ಓಡಾಡಿದೆ. ವಿಚಿತ್ರವೆಂದರೆ ಈ ಸೊಳ್ಳೆ ಕೆಂಪು ದೀಪ ಬಿದ್ದೊಡನೆ ಸುಮ್ಮನಾಗುತ್ತಿತ್ತು, ಹಸಿರು ಬಿದ್ದೊಡನೆ ಹೊರಡುತ್ತಿತ್ತು. ಈ ಊರಿನಲ್ಲಿ ಸಿಗ್ನಲ್‌ಗೆ ಮರ್ಯಾದೆ ಕೊಡುವ ಜೀವಿಯೊಂದು ಇದೆಯಲ್ಲ ಎಂದು ಅದರ ಮೇಲೆ ಗೌರವವೇ ಮೂಡಿತು. ಅದು ಸೊಳ್ಳೆಯಲ್ಲ, ಕಾಲಡಿಯ ಮೋಟಾರಿನ ಕಡೆಯಿಂದ ಬರುವ ಕೂಗು ಎಂದು ತಿಳಿಯುವ ಹೊತ್ತಿಗೆ ಬ್ಯಾಟಿನ ಚಾರ್ಜು ಮುಗಿದಿತ್ತು.

ಸರ್ವೀಸ್ ಸೆಂಟರಿಗೆ ಹೋದೆ. ಕಾಫಿ ಕೊಟ್ಟರು. ಟ್ಯಾಬ್ಲೆಟ್ ಹಿಡಿದ ಸಲಹೆಗಾರರೊಬ್ಬರು ಬಂದು ದೂರೇನೆಂದು ಕೇಳಿದರು. ಟ್ಯಾಬ್ಲೆಟ್ಟಿನಲ್ಲಿ ಬ್ರೇಕ್ ಇತ್ತು, ಎಸಿ ಇತ್ತು, ಚಾರ್ಜಿಂಗ್ ಇತ್ತು. ಕುಂಯ್ ಇರಲಿಲ್ಲ. "ಇತರೆ" ಎಂದು ಒತ್ತಿದರು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎಸಿಯನ್ನು ಪೂರ್ತಿ ತಿರುಗಿಸಿ, ಕಿಟಕಿ ಇಳಿಸಿ, ರಿಂಗ್ ರಸ್ತೆಯಲ್ಲಿ ಒಂದು ಸುತ್ತು ಹೊಡೆದರು. "ಯಾವ ಶಬ್ದ ಸರ್?" ಎಂದರು. ನಾನು ಎಸಿ ಆರಿಸಿದೆ, ಕಿಟಕಿ ಏರಿಸಿದೆ. ಇಬ್ಬರೂ ಉಸಿರು ಬಿಗಿ ಹಿಡಿದು ಕುಳಿತೆವು. ಕುಂಯ್ ಎಂದಿತು. ಅವರ ಮುಖದಲ್ಲಿ ಅದು ದಾಖಲಾದದ್ದನ್ನು ನಾನು ಕಣ್ಣಾರೆ ಕಂಡೆ.

ಮರಳಿ ಬಂದು ಕಾರಿಗೆ ಸ್ಕ್ಯಾನರ್ ಚುಚ್ಚಿದರು. "ಯಾವ ದೋಷವೂ ತೋರಿಸುತ್ತಿಲ್ಲ ಸರ್."

"ನಿಮಗೇ ಕೇಳಿಸಿತಲ್ಲ?"

"ನನಗೆ ಕೇಳಿಸಿತು ಸರ್. ಕಂಪ್ಯೂಟರಿಗೆ ಕೇಳಿಸುತ್ತಿಲ್ಲ."

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎನ್ನುತ್ತಾರೆ. ಪಾಪ, ಕೋಣಕ್ಕಾದರೂ ಕಿವಿಯಿತ್ತು. ಕಡೆಗೆ ಅವರು ಇಡೀ ಉದ್ಯಮದ ಮಹಾವಾಕ್ಯವನ್ನು ಉಚ್ಚರಿಸಿದರು: "ಇದು ನಾರ್ಮಲ್ ಸರ್." ಹೊಸತರಲ್ಲಿ ಇರಲಿಲ್ಲವಲ್ಲ ಎಂದೆ. "ಆಗ ಅದು ನಾರ್ಮಲ್ ಸರ್. ಈಗ ಇದು ನಾರ್ಮಲ್." ಬ್ಯಾಟರಿ ಮತ್ತು ಮೋಟಾರಿಗೆ 8 ವರ್ಷದ ವಾರಂಟಿ ಇದೆಯಲ್ಲ ಎಂದು ಕೇಳಿದರೆ, ವಾರಂಟಿ ಮೋಟಾರಿಗೆ, ಶಬ್ದಕ್ಕಲ್ಲ ಎಂದರು. ಮೋಟಾರು ಪೂರ್ತಿ ಕೆಟ್ಟು ನಿಂತರೆ ಬದಲಿಸುತ್ತಾರಂತೆ. ಈಗಿನ್ನೂ ಅದು ನರಳುತ್ತಿದೆ ಅಷ್ಟೆ. "ಸ್ವಲ್ಪ ದಿನದಲ್ಲಿ ಅಭ್ಯಾಸವಾಗುತ್ತದೆ" ಎಂದು ಬೆನ್ನು ತಟ್ಟಿದರು. ಇದರಲ್ಲಿ ವಿಜ್ಞಾನವೂ ಇದೆ. ವಯಸ್ಸಾದಂತೆ ಮನುಷ್ಯನ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಸ್ವರಗಳನ್ನೇ. ಕಾರು ಸವೆಯುವ ವೇಗದಲ್ಲೇ ಮಾಲೀಕನ ಕಿವಿಯೂ ಸವೆದರೆ ದೂರಿಗೆ ಜಾಗವೇ ಇರುವುದಿಲ್ಲ. ಜಾಬ್ ಕಾರ್ಡಿನಲ್ಲಿ "ಗ್ರಾಹಕರಿಗೆ ಅರಿವು ಮೂಡಿಸಲಾಗಿದೆ" ಎಂದು ಬರೆದು, ಕಾರು ತೊಳೆದದ್ದಕ್ಕೆ ಬಿಲ್ಲು ಕೊಟ್ಟರು.

ಅರಿವು ಮೂಡಿದ ನಾನು ನೇರವಾಗಿ ಪೀಣ್ಯಕ್ಕೆ ಹೋದೆ. ಅಲ್ಲಿ ಮೋಟಾರು ರೀವೈಂಡಿಂಗ್ ಮಾಡುವ ಮೇಸ್ತ್ರಿಯೊಬ್ಬರು ನನಗೆ ಹಳೆಯ ಪರಿಚಯ. ಅವರು ಟ್ಯಾಬ್ಲೆಟ್ ತೆಗೆಯಲಿಲ್ಲ. ಪಕ್ಕದ ಗ್ಯಾರೇಜಿನಲ್ಲಿ ಕಾರನ್ನು ಮೇಲೆತ್ತಿಸಿ, ಗಾಲಿ ತಿರುಗಿಸಲು ಹೇಳಿ, ಒಂದೂವರೆ ಅಡಿ ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿನ ಹೊದಿಕೆಗೆ ಒತ್ತಿ, ಅದರ ಮರದ ಹಿಡಿಯನ್ನು ಕಿವಿಯ ಪಕ್ಕದ ಎಲುಬಿಗೆ ತಾಗಿಸಿ ಕಣ್ಣು ಮುಚ್ಚಿದರು. ಬಾಯಲ್ಲಿದ್ದ ಎಲೆಯಡಿಕೆ ಅಗಿಯುವುದನ್ನು ಸಹ ನಿಲ್ಲಿಸಿದ್ದರು. ಎರಡು ಅಂಗುಲ ಆಚೆ, ಮತ್ತೆ ಎರಡು ಅಂಗುಲ ಈಚೆ. "ಕೀಂ ಎಂದರೆ ಗೇರಿನ ಹಲ್ಲು, ಗುರ್ರ್ ಎಂದರೆ ಬೇರಿಂಗು. ನಿಮ್ಮದು ಹಲ್ಲು. ಬೇರಿಂಗಿನ ಕಥೆಯೂ ಶುರುವಾಗಿದೆ" ಎಂದು ಪಕ್ಕಕ್ಕೆ ತಿರುಗಿ ಉಗುಳಿದರು.

ನಂತರ ಅವರು ಹೇಳಿದ್ದು ಸರಳ ಲೆಕ್ಕ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಲಿ ಸೆಕೆಂಡಿಗೆ ಎಂಟು ಸುತ್ತು ತಿರುಗುತ್ತದೆ. ಮೋಟಾರು ಅದರ ಒಂಬತ್ತರಷ್ಟು, ಹತ್ತಿರ ಹತ್ತಿರ 75. ಮೋಟಾರಿನ ತುದಿಯ ಚಕ್ರಕ್ಕೆ 25 ಹಲ್ಲಿದ್ದರೆ ಹಲ್ಲಿಗೆ ಹಲ್ಲು ಕಚ್ಚುವುದು ಸೆಕೆಂಡಿಗೆ 1,900 ಸಲದಷ್ಟಾಯಿತು. ಹೊಸತರಲ್ಲಿ ನುಣುಪಾಗಿ ಕಚ್ಚುತ್ತವೆ, ಸವೆದ ಮೇಲೆ ಕೂಗಿ ಕಚ್ಚುತ್ತವೆ. ಮನುಷ್ಯನ ಕಿವಿ ಅತ್ಯಂತ ಚುರುಕಾಗಿರುವುದು 2,000ದಿಂದ 5,000 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನಗಳ ಒಳಗೆ. ಕಾರು ಹುಡುಕಿಕೊಂಡು ಬಂದು ಆ ಬಾಗಿಲಿನ ಮುಂದೆಯೇ ಕೂಗುತ್ತದೆ. ಪೆಟ್ರೋಲ್ ಕಾರಿನಲ್ಲೂ ಹಲ್ಲುಗಳಿದ್ದವು, ಅವೂ ಕಿರುಚುತ್ತಿದ್ದವು. ಆದರೆ ಅಲ್ಲಿ ಎಂಜಿನ್ ಎಂಬ ಗಟ್ಟಿಮೇಳ ಇತ್ತು. ತಾಳಿ ಕಟ್ಟುವ ಹೊತ್ತಿಗೆ ಯಾರು ಸೀನಿದರೂ ಯಾರಿಗೂ ಕೇಳಿಸಬಾರದು ಎಂದೇ ಅಲ್ಲವೇ ಓಲಗದವರು ಅಷ್ಟು ಜೋರಾಗಿ ಊದುವುದು? ಓಲಗದವರನ್ನು ಕಳಿಸಿಬಿಟ್ಟಿದ್ದೇವೆ. ಈಗ ಪ್ರತಿ ಸೀನೂ ಕೇಳಿಸುತ್ತದೆ.

ಬೇರಿಂಗಿನ ಕಥೆ ಇನ್ನೂ ಹಳೆಯದು. ಮೇಸ್ತ್ರಿ ಒಂದು ಡಬ್ಬಿಯಿಂದ ಯಾವುದೋ ಕಾರ್ಖಾನೆಯ ಮೋಟಾರಿನ ಬೇರಿಂಗಿನ ಹೊರಬಳೆಯನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. ಕನ್ನಡಿಯಂತಿರಬೇಕಾದ ಒಳಮೈಯಲ್ಲಿ ಉತ್ತ ಹೊಲದ ಸಾಲಿನ ಹಾಗೆ ಗೆರೆ ಗೆರೆ. ಉಗುರು ಎಳೆದರೆ ಟರ್ರ್ ಎನ್ನುತ್ತದೆ. ಬ್ಯಾಟರಿಯ ವಿದ್ಯುತ್ತನ್ನು ಮೋಟಾರಿಗೆ ಹೊಂದಿಸುವ ಇನ್ವರ್ಟರು ಸೆಕೆಂಡಿಗೆ ಸಾವಿರಾರು ಸಲ ವಿದ್ಯುತ್ತನ್ನು ಕತ್ತರಿಸಿ ಕತ್ತರಿಸಿ ಕೊಡುವಾಗ ಮೋಟಾರಿನ ದಂಡದಲ್ಲಿ ಒಂದಿಷ್ಟು ವೋಲ್ಟೇಜ್ ಉಳಿದುಬಿಡುತ್ತದೆ. ಅದು ಬೇರಿಂಗಿನ ಎಣ್ಣೆಯ ಪೊರೆಯನ್ನು ಸೀಳಿಕೊಂಡು ನೆಗೆಯುತ್ತದೆ; ನೆಗೆದ ಕಡೆಯೆಲ್ಲ ಸೂಜಿಮೊನೆಯಷ್ಟು ಸುಟ್ಟ ಗುಳಿ. ಸೆರಾಮಿಕ್ ಗುಂಡುಗಳನ್ನು ಹಾಕಬೇಕು, ಇಲ್ಲವೇ ದಂಡಕ್ಕೆ ಒಂದು ಬ್ರಷ್ಷು ತಾಗಿಸಿ ವಿದ್ಯುತ್ತಿಗೆ ಬೇರೆ ದಾರಿ ತೋರಿಸಬೇಕು. ಇದು ಕಾರ್ಖಾನೆಗಳವರಿಗೆ ದಶಕಗಳಿಂದ ಗೊತ್ತಿರುವ ಸಂಗತಿ. ಬೊಮ್ಮಸಂದ್ರದಲ್ಲಿ ತಯಾರಾಗಿ 2001ರಲ್ಲಿ ರಸ್ತೆಗಿಳಿದ ರೇವಾ ಕಾರನ್ನೂ ಬಿಚ್ಚಿ ನೋಡಿದ್ದ ಈ ಮೇಸ್ತ್ರಿ ನನ್ನಿಂದ ತೆಗೆದುಕೊಂಡದ್ದು ಒಂದು ಚಹಾ. ಬೇರಿಂಗ್ ಬದಲಿಸಿಕೊಡಿ ಎಂದರೆ ಮಾತ್ರ ಕೈ ಮುಗಿದರು. ಅವರು ಮುಟ್ಟಿದರೆ ವಾರಂಟಿ ಸಾಯುತ್ತದೆ. ಸೆಂಟರಿನಲ್ಲಿ ಕೇಳಿದರೆ ಬೇರಿಂಗಿಗೆ ಪ್ರತ್ಯೇಕ ಪಾರ್ಟ್ ನಂಬರೇ ಇಲ್ಲ. ಬದಲಿಸಿದರೆ ಮೋಟಾರು, ಗೇರು, ಡಬ್ಬಿ ಎಲ್ಲವನ್ನೂ ಒಟ್ಟಿಗೆ. ಹಲ್ಲುನೋವಿಗೆ ತಲೆಯನ್ನೇ ಬದಲಿಸುವ ವೈದ್ಯ ಇದು. ಅಮೆರಿಕದಲ್ಲೂ ಹೀಗೇ ನಡೆದಿತ್ತು. ಟೆಸ್ಲಾದ ಮಾಡೆಲ್ ಎಸ್ ಕಾರುಗಳು ಗುರುಗುಟ್ಟಲು ತೊಡಗಿ, ಡ್ರೈವ್ ಯೂನಿಟ್ಟನ್ನೇ ಇಡಿಯಾಗಿ ಬದಲಿಸಿ ಬದಲಿಸಿ ಸಾಕಾಗಿ, 2014ರ ಆಗಸ್ಟ್‌ನಲ್ಲಿ ಇಲಾನ್ ಮಸ್ಕ್ ಅದಕ್ಕೆ 8 ವರ್ಷ, ಮೈಲಿಯ ಮಿತಿಯೇ ಇಲ್ಲದ ವಾರಂಟಿ ಘೋಷಿಸಿದರು. ಅಲ್ಲಿಯ ಕಂಪ್ಯೂಟರಿಗೆ ಕಿವಿ ಇತ್ತೋ ಏನೋ.

ಇಷ್ಟೆಲ್ಲ ಆಗುತ್ತಿರುವಾಗ ಸರ್ಕಾರಗಳು ಏನು ಮಾಡುತ್ತಿವೆ? ಎಲೆಕ್ಟ್ರಿಕ್ ಕಾರುಗಳು ತೀರಾ ಮೌನವಾಗಿವೆ ಎಂದು ಚಿಂತಿಸುತ್ತಿವೆ. ಚಿಂತೆ ನ್ಯಾಯವಾದದ್ದೇ, ಕಣ್ಣು ಕಾಣದವರಿಗೆ ಸದ್ದಿಲ್ಲದ ಕಾರು ಯಮನೇ. ಯುರೋಪಿನಲ್ಲಿ 2021ರ ಜುಲೈಯಿಂದ ಮಾರಾಟವಾಗುವ ಪ್ರತಿ ಹೊಸ ಎಲೆಕ್ಟ್ರಿಕ್ ಕಾರೂ ನಿಧಾನವಾಗಿ ಚಲಿಸುವಾಗ ಸ್ಪೀಕರಿನಿಂದ ಸದ್ದು ಮಾಡಲೇಬೇಕು. 20 ಕಿಲೋಮೀಟರ್ ವೇಗದಲ್ಲಿ ಕನಿಷ್ಠ 56 ಡೆಸಿಬೆಲ್. ನಮ್ಮ ರಸ್ತೆ ಸಾರಿಗೆ ಸಚಿವಾಲಯವೂ 2025ರ ಸೆಪ್ಟೆಂಬರ್‌ನಲ್ಲಿ ಕರಡು ಹೊರಡಿಸಿ, ಹೊಸ ಮಾದರಿಗಳಿಗೆ 2026ರ ಅಕ್ಟೋಬರ್‌ನಿಂದ, ಹಳೆಯ ಮಾದರಿಗಳಿಗೆ 2027ರ ಅಕ್ಟೋಬರ್‌ನಿಂದ ಇದನ್ನು ಕಡ್ಡಾಯ ಮಾಡಲು ಹೊರಟಿತು. ಅಂದರೆ ಕಾರು ತಾನಾಗಿ ಮಾಡುವ ಸದ್ದು ಲೆಕ್ಕಕ್ಕಿಲ್ಲ. ಲೆಕ್ಕಕ್ಕಿರುವುದು ಸ್ಪೀಕರು ಮಾಡುವ ಸದ್ದು. ನನ್ನ ಕಾರು ಪ್ರತಿಭೆಯಿಂದ ಹಾಡುತ್ತಿದೆ, ಕಾನೂನಿಗೆ ಬೇಕಿರುವುದು ಪ್ರಮಾಣಪತ್ರ.

ಪ್ರಮಾಣಪತ್ರದವರ ಪಟ್ಟಿ ದೊಡ್ಡದು. ಬಿಎಂಡಬ್ಲ್ಯು ತನ್ನ ಎಲೆಕ್ಟ್ರಿಕ್ ಕಾರುಗಳ ಸದ್ದಿಗೆ ಹಾಲಿವುಡ್ಡಿನ ಸಂಗೀತ ನಿರ್ದೇಶಕ ಹಾನ್ಸ್ ಝಿಮರ್ ಅವರನ್ನು ಕರೆಸಿತು. ಮಹೀಂದ್ರದವರು 2024ರಲ್ಲಿ ಹೊರತಂದ ಎಲೆಕ್ಟ್ರಿಕ್ ಗಾಡಿಗಳ ನಾದಕ್ಕೆ ಎ. ಆರ್. ರೆಹಮಾನ್. ಹ್ಯುಂಡೈಯ ಐಯಾನಿಕ್ 5 ಎನ್ ಇಲ್ಲದ ಗೇರನ್ನು ಬದಲಿಸಿದಂತೆ ನಟಿಸುತ್ತದೆ, ಇಲ್ಲದ ಎಂಜಿನ್ನಿನ ಹಾಗೆ ಗರ್ಜಿಸುತ್ತದೆ. ನನಗೆ ಬಹಳ ಪ್ರಿಯವಾದದ್ದು ಜಾಗ್ವಾರ್ ಐ-ಪೇಸ್ ಪ್ರಸಂಗ. ಮೊದಲು ಅದಕ್ಕೆ ಅಂತರಿಕ್ಷ ನೌಕೆಯಂತಹ ಸದ್ದು ಕೂರಿಸಿ ಪರೀಕ್ಷಿಸಿದರು. ರಸ್ತೆಯ ಜನ ಕಾರನ್ನು ನೋಡುವ ಬದಲು ತಲೆಯೆತ್ತಿ ಆಕಾಶ ನೋಡತೊಡಗಿದರಂತೆ. ಜೀವ ಉಳಿಸಲು ಮಾಡಿದ ಸದ್ದು ಜನರನ್ನು ನಕ್ಷತ್ರ ಎಣಿಸಲು ಹಚ್ಚಿತು, ಅದನ್ನು ಕೈಬಿಟ್ಟರು. ಡಾಜ್ ಕಂಪನಿ ಎಲೆಕ್ಟ್ರಿಕ್ ಚಾರ್ಜರ್ ಡೇಟೋನಾಕ್ಕೆ 126 ಡೆಸಿಬೆಲ್ ಗರ್ಜನೆಯನ್ನು 2022ರಲ್ಲಿ ಜಗತ್ತಿಗೆ ಸಾರಿತು. 2025ರಲ್ಲಿ ಅದೇ ಕಾರುಗಳನ್ನು, ಎಂಟು ಸಾವಿರಕ್ಕೂ ಹೆಚ್ಚು, ಹಿಂದಕ್ಕೆ ಕರೆಸಬೇಕಾಯಿತು. ಕಾರಣ: ಪಾದಚಾರಿಗಳಿಗೆ ಕೇಳಿಸಬೇಕಾದ ಸದ್ದು ಕೆಲವುಗಳಲ್ಲಿ ಬರುತ್ತಿರಲಿಲ್ಲ. ಟೆಸ್ಲಾದ್ದು ಇನ್ನೊಂದು ಬಗೆ. ಹೊರಗಿನ ಸ್ಪೀಕರಿನಲ್ಲಿ ಹೂಸಿನ ಶಬ್ದವನ್ನೂ ಹೊರಡಿಸುವ ಸೌಲಭ್ಯ ಕೊಟ್ಟು, ಅದು ಎಚ್ಚರಿಕೆಯ ಸದ್ದನ್ನು ಮುಚ್ಚಿಹಾಕಬಹುದೆಂಬ ಕಾರಣಕ್ಕೆ 2022ರಲ್ಲಿ ಐದು ಲಕ್ಷಕ್ಕೂ ಹೆಚ್ಚು ಕಾರುಗಳ ಸಾಫ್ಟ್‌ವೇರ್ ತಿದ್ದಬೇಕಾಯಿತು. ಇಷ್ಟು ಕಡತ, ಇಷ್ಟು ಎಂಜಿನಿಯರುಗಳು, ಒಂದು ಹೂಸಿಗೆ. ನನ್ನ ಕುಂಯ್‌ಗೆ ಟ್ಯಾಬ್ಲೆಟ್ಟಿನಲ್ಲಿ ಒಂದು ಗುಂಡಿ ಇಲ್ಲ.

ಹಾರ್ನುಗಳಲ್ಲಿ ಕೊಳಲು, ತಬಲಾ, ಪಿಟೀಲು, ಹಾರ್ಮೋನಿಯಂ ನುಡಿಯಬೇಕೆಂದು ಸಚಿವ ನಿತಿನ್ ಗಡ್ಕರಿ ಹೇಳುತ್ತ ಬಂದಿದ್ದಾರೆ. ಅದನ್ನು ಓದಿದ ಮೇಲೆಯೇ ನನಗೆ ಸೋದರತ್ತೆಯ ನೆನಪಾದದ್ದು.

ಅತ್ತೆ ನಲವತ್ತು ವರ್ಷ ಮಕ್ಕಳಿಗೆ ಸಂಗೀತ ಹೇಳಿಕೊಟ್ಟವರು. ಅವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಮೈಸೂರು ರಸ್ತೆ ಹಿಡಿದೆ. ಕಾರು ಕುಂಯ್ ಎಂದೊಡನೆ ನನ್ನ ಕಡೆಗೆ ಬಗ್ಗಿ, "ಈಗ ಎಷ್ಟು ವೇಗ?" ಎಂದರು. ನಲವತ್ತು. "ಇದನ್ನು ಷಡ್ಜ ಮಾಡಿಕೊ." ಅರವತ್ತಕ್ಕೆ ಏರಿದೆ. "ಪಂಚಮ!" ಎಂದು ತೊಡೆ ತಟ್ಟಿದರು. ಎಂಬತ್ತಕ್ಕೆ ಮೇಲಿನ ಷಡ್ಜ. ಗೇರು ಒಂದೇ ಇರುವುದರಿಂದ ಕೂಗು ವೇಗದ ಜೊತೆಗೆ ಕೂದಲೆಳೆಯಷ್ಟೂ ತಪ್ಪದೆ ಏರುತ್ತದೆ. ಸ್ವರವೆಂದರೂ ಅನುಪಾತವೇ ತಾನೆ. ಅತ್ತೆ ತಮ್ಮ ಬ್ಯಾಗಿನಿಂದ ಪಂಚಾಂಗ ತೆಗೆದು ಅದರ ರಟ್ಟಿನ ಮೇಲೆ ಲೆಕ್ಕ ಹಾಕಿದರು. ಶುದ್ಧ ರಿಷಭಕ್ಕೆ ಹೆಚ್ಚುಕಡಿಮೆ ನಲವತ್ತೆರಡೂ ಮುಕ್ಕಾಲು, ಅಂತರ ಗಾಂಧಾರಕ್ಕೆ ಐವತ್ತು, ಮಧ್ಯಮಕ್ಕೆ ಐವತ್ತಮೂರು ಚಿಲ್ಲರೆ, ಶುದ್ಧ ಧೈವತಕ್ಕೆ ಅರವತ್ತನಾಲ್ಕು, ಕಾಕಲಿ ನಿಷಾದಕ್ಕೆ ಎಪ್ಪತ್ತೈದು. ಪುರಂದರದಾಸರು ಹಾಕಿಕೊಟ್ಟರೆಂದು ನಾವು ನಂಬುವ ಪಾಠಕ್ರಮದ ಮೊದಲ ರಾಗ, ಮಾಯಾಮಾಳವಗೌಳ, ಸಾಂಗೋಪಾಂಗವಾಗಿ. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಭಾರ ಹಲ್ಲಿನ ಇನ್ನೊಂದು ಬದಿಗೆ ಬಿದ್ದು ದನಿ ಬದಲಾಗುತ್ತದೆ, ಅವರೋಹಣ ಸ್ವಲ್ಪ ಒರಟು. "ಶಿಷ್ಯರೆಲ್ಲ ಹೀಗೆಯೇ, ಇಳಿಯುವಾಗ ಅವಸರ" ಎಂದರು. ರಸ್ತೆಯುಬ್ಬುಗಳಲ್ಲಿ ಗಮಕ. ಗುಂಡಿ ಸಿಕ್ಕಿದರೆ ಕಂಪಿತ.

ಈಗ ಭಾನುವಾರಗಳಲ್ಲಿ ಹಿಂದಿನ ಸೀಟಿನಲ್ಲಿ ಅತ್ತೆಯ ಜೊತೆ ಇಬ್ಬರು ಪುಟ್ಟ ಮಕ್ಕಳೂ ಕೂರುತ್ತಾರೆ. ನನ್ನ ಮಗ ಕಾರು ಓಡಿಸುತ್ತಾನೆ, ನಾನು ಪಕ್ಕದಲ್ಲಿ ಕುಳಿತು ಮೀಟರು ನೋಡಿ ಅಂಕಿ ಕೂಗುತ್ತೇನೆ. ವಾರದ ದಿನಗಳಲ್ಲಿ ಪಾಠ ಆಗುವುದಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಮಂದ್ರ ಷಡ್ಜಕ್ಕೆ ಬೇಕಾದ ಇಪ್ಪತ್ತನ್ನು ಯಾವ ವಿದ್ವಾಂಸನೂ ಮುಟ್ಟಲಾರ.

ಕಳೆದ ಭಾನುವಾರ ಬಿಡದಿ ದಾಟಿದ್ದೆವು. ಸರ್ವೀಸ್ ಸೆಂಟರಿನಿಂದ ಫೋನ್ ಬಂತು. ಅವರ ಸೇವೆಗೆ ಹತ್ತಕ್ಕೆ ಎಷ್ಟು ಅಂಕ ಕೊಡುತ್ತೇನೆ ಎಂದು ಹೆಣ್ಣುಮಗಳೊಬ್ಬಳು ಕೇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ, "ಕ್ಷಮಿಸಿ ಸರ್, ನಿಮ್ಮ ಲೈನಿನಲ್ಲಿ ಏನೋ ಕುಂಯ್ ಎಂದು ಶಬ್ದ ಬರುತ್ತಿದೆ, ಸರಿಯಾಗಿ ಕೇಳಿಸುತ್ತಿಲ್ಲ" ಎಂದಳು.

"ನಾರ್ಮಲ್ ಅಮ್ಮಾ" ಎಂದೆ.

"ಫೋನ್ ಇಡೋ" ಎಂದು ಅತ್ತೆ ಹಿಂದಿನಿಂದ ಗದರಿದರು. "ನಿಷಾದ ಬರುವ ಹೊತ್ತು."