ಆಟ ಈಗ, ಕಾಸು 2043ಕ್ಕೆ

2023ರ ಡಿಸೆಂಬರ್ 8, ಶುಕ್ರವಾರ. ದಕ್ಷಿಣ ಕ್ಯಾಲಿಫೋರ್ನಿಯಾದಿಂದ ಹೊರಟ ಖಾಸಗಿ ಜೆಟ್ಟೊಂದು ಕೆನಡಾದ ಟೊರಾಂಟೊ ಕಡೆಗೆ ಹಾರುತ್ತಿತ್ತು. ಒಳಗೆ ಯಾರಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಎಲ್ಲರಿಗೂ ಗೊತ್ತಿತ್ತು: ಶೊಹೆ ಓಟಾನಿ! ಚೆಂಡು ಎಸೆಯುವುದರಲ್ಲೂ ಗಟ್ಟಿಗ, ಬಾರಿಸುವುದರಲ್ಲೂ ಗಟ್ಟಿಗನಾದ ಈ ಜಪಾನಿ ಆಟಗಾರ ಯಾವ ತಂಡ ಸೇರುತ್ತಾನೆ ಎಂಬುದೇ ಆ ಚಳಿಗಾಲದಲ್ಲಿ ಅಮೆರಿಕದ ಬೇಸ್‌ಬಾಲ್ ಲೋಕಕ್ಕಿದ್ದ ಏಕೈಕ ಚಿಂತೆ. ಹಳೆಯ ಕರಾರು ಮುಗಿದು ಆತ ಫ್ರೀ ಏಜೆಂಟ್ ಆಗಿದ್ದ, ಅಂದರೆ ಯಾವ ತಂಡವನ್ನಾದರೂ ಸೇರಬಹುದಿತ್ತು. ಟೊರಾಂಟೊ ಬ್ಲೂ ಜೇಸ್ ಕೂಡ ರೇಸಿನಲ್ಲಿತ್ತು. ವಿಮಾನಗಳ ಜಾಡು ತೋರಿಸುವ ವೆಬ್‌ಸೈಟಿನಲ್ಲಿ ಒಂದು ಪುಟ್ಟ ವಿಮಾನದ ಗುರುತು ಇಂಚಿಂಚಾಗಿ ತೆವಳುವುದನ್ನು ಜನ ಕಣ್ಣು ಮಿಟುಕಿಸದೆ ನೋಡುತ್ತ ಕೂತರು. ಹೆಸರುವಾಸಿ ವರದಿಗಾರರು ‘ಹೊರಟೇಬಿಟ್ಟಿದ್ದಾನೆ’ ಎಂದು ಬರೆದರು. ಟೊರಾಂಟೊ ತಂಡದ ಇನ್ನೊಬ್ಬ ಜಪಾನಿ ಆಟಗಾರ ಸುಶಿ ಹೋಟೆಲೊಂದರಲ್ಲಿ ದೊಡ್ಡ ಊಟಕ್ಕೆ ಜಾಗ ಹಿಡಿದಿದ್ದಾನೆ ಎಂಬ ಗಾಳಿಸುದ್ದಿಯೂ ಸೇರಿಕೊಂಡಿತು. ವಿಮಾನ ಇಳಿಯುವ ಹೊತ್ತಿಗೆ ನಿಲ್ದಾಣದಲ್ಲಿ ಕ್ಯಾಮೆರಾಗಳು ಸಿದ್ಧ.

ಬಾಗಿಲು ತೆರೆಯಿತು. ಇಳಿದು ಬಂದವರು ರಾಬರ್ಟ್ ಹರ್ಜಾವೆಕ್. ಟೀವಿಯಲ್ಲಿ ಕೂತು ಹೊಸ ವ್ಯಾಪಾರಿಗಳ ಅಹವಾಲು ಕೇಳುವ ಕೆನಡಾದ ಉದ್ಯಮಿ, ಮಕ್ಕಳ ಜೊತೆ ಊರಿಗೆ ಬಂದಿದ್ದರು, ಅಷ್ಟೆ. ಓಟಾನಿ ತನ್ನ ಪಾಡಿಗೆ ಕ್ಯಾಲಿಫೋರ್ನಿಯಾದಲ್ಲಿದ್ದ. ಮರುದಿನ ಇನ್‌ಸ್ಟಾಗ್ರಾಂನಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ಸೇರುತ್ತಿರುವುದಾಗಿ ಹಾಕಿದ. ಟೊರಾಂಟೊದವರು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದಷ್ಟೇ ಅಲ್ಲ, ಕುಲಾವಿಯ ಮೇಲೆ ಜರ್ಸಿ ನಂಬರನ್ನೂ ಕಸೂತಿ ಹಾಕಿಸಿಯಾಗಿತ್ತು.

ಬೇಸ್‌ಬಾಲ್ ಸೀಸನ್ ನವೆಂಬರಿನ ಆಸುಪಾಸಿಗೆ ಮುಗಿಯುತ್ತದೆ, ತಾಲೀಮು ಮತ್ತೆ ಶುರುವಾಗುವುದು ಫೆಬ್ರವರಿಯಲ್ಲಿ. ನಡುವೆ ಒಂದು ಚೆಂಡೂ ಬೀಳುವುದಿಲ್ಲ, ಆದರೆ ಒಂದು ದಿನವೂ ಸುದ್ದಿ ನಿಲ್ಲುವುದಿಲ್ಲ. ನಮ್ಮ ಐಪಿಎಲ್‌ನಲ್ಲಾದರೆ ಆಟಗಾರನ ಹೆಸರು ಕೂಗುತ್ತಾರೆ, ಪ್ಯಾಡಲ್ ಎತ್ತುತ್ತಾರೆ, ಸುತ್ತಿಗೆ ಬಡಿಯುತ್ತಾರೆ. ಎರಡು ನಿಮಿಷದಲ್ಲಿ ಮನುಷ್ಯನ ಬೆಲೆ ಊರಿಗೆಲ್ಲ ಗೊತ್ತಾಗುತ್ತದೆ. ಮಾನ ಹೋದರೂ ಒಂದೇ ಸಲ ಹೋಗುತ್ತದೆ. ಅಮೆರಿಕದವರು ಮರ್ಯಾದಸ್ಥರು, ಎಲ್ಲವನ್ನೂ ಬಾಗಿಲು ಹಾಕಿಕೊಂಡು ಮಾಡುತ್ತಾರೆ, ಬಾಗಿಲ ಸಂದಿಯಲ್ಲಿ ವರದಿಗಾರರನ್ನು ನಿಲ್ಲಿಸಿಕೊಂಡು.

ಓಟಾನಿಯ ವಿಷಯದಲ್ಲಂತೂ ಮಾತುಕತೆಯ ಬಗ್ಗೆ ಬಾಯಿಬಿಟ್ಟ ತಂಡಕ್ಕೆ ಅದೇ ಮುಳುವಾದೀತು ಎಂಬ ಪಿಸುಮಾತು ಹರಡಿತ್ತು. ನ್ಯಾಶ್‌ವಿಲ್‌ನಲ್ಲಿ ಎಲ್ಲ ತಂಡಗಳೂ ಸೇರಿದ ಡಿಸೆಂಬರ್ ಸಭೆಯಲ್ಲಿ ಮ್ಯಾನೇಜರುಗಳಿಗೆಲ್ಲ ಮರೆವಿನ ರೋಗ. ಡಾಡ್ಜರ್ಸ್‌ನ ಡೇವ್ ರಾಬರ್ಟ್ಸ್ ಒಬ್ಬರೇ, ಸುಳ್ಳು ಯಾಕೆ ಹೇಳಲಿ, ಹೌದು ಭೇಟಿಯಾದೆವು ಎಂದುಬಿಟ್ಟರು. ಸತ್ಯ ಹೇಳಿದ್ದೇ ಅವತ್ತಿನ ಮುಖ್ಯ ಸುದ್ದಿ. ಅವರದೇ ಕ್ಲಬ್ಬಿನ ಅಧಿಕಾರಿಗಳು ತಬ್ಬಿಬ್ಬು. ಗುಟ್ಟಿನ ಗೀಳು ಎಲ್ಲಿಯವರೆಗೆ ಹೋಗಿತ್ತೆಂದರೆ, ನವೆಂಬರಿನಲ್ಲಿ ಟೀವಿಯಲ್ಲಿ ಓಟಾನಿಯ ಪಕ್ಕ ಕೂತಿದ್ದ ನಾಯಿಯ ಹೆಸರನ್ನೂ ಏಜೆಂಟ್ ಹೇಳಲಿಲ್ಲ. ಹೆಸರು ಹೊರಬಿದ್ದದ್ದು ಡಿಸೆಂಬರ್ ಮಧ್ಯದಲ್ಲಿ, ಹೊಸ ತಂಡದ ಸುದ್ದಿಗೋಷ್ಠಿಯಲ್ಲಿ. ನಾಯಿಯೂ ಫ್ರೀ ಏಜೆಂಟ್ ಆಗಿತ್ತೋ ಏನೋ.

ಇನ್ನು ಮೊತ್ತಕ್ಕೆ ಬನ್ನಿ. ಹತ್ತು ವರ್ಷಕ್ಕೆ 70 ಕೋಟಿ ಡಾಲರ್. ಆಗ ಅದು ಆಟದ ಇತಿಹಾಸದಲ್ಲೇ ದೊಡ್ಡ ಒಪ್ಪಂದ. ಎಲ್ಲರೂ ಬಾಯಿ ಮೇಲೆ ಬೆರಳಿಟ್ಟುಕೊಂಡರು. ಬೆರಳು ತೆಗೆಯುವ ಮೊದಲೇ ಎರಡನೆಯ ಸುದ್ದಿ ಬಂತು: 70ರಲ್ಲಿ 68 ಕೋಟಿ ಆಮೇಲೆ ಕೊಡುತ್ತಾರಂತೆ. ಆಮೇಲೆ ಎಂದರೆ 2034ರಿಂದ 2043ರವರೆಗೆ, ವರ್ಷಕ್ಕೆ 6.8 ಕೋಟಿಯಂತೆ, ಬಡ್ಡಿಯಿಲ್ಲದೆ. ಆಡುವ ಹತ್ತು ವರ್ಷವೂ ವರ್ಷಕ್ಕೆ ಬರೀ 20 ಲಕ್ಷ ಡಾಲರ್. ಲೀಗಿನಲ್ಲಿ ಮೊನ್ನೆ ಮೊನ್ನೆ ಕಾಲಿಟ್ಟ ಹುಡುಗನಿಗೂ 2024ರಲ್ಲಿ ಕನಿಷ್ಠ 7.4 ಲಕ್ಷ ಕೊಡಲೇಬೇಕಿತ್ತು. ನಮ್ಮೂರ ಕಿರಾಣಿ ಅಂಗಡಿಯಲ್ಲಿ ‘ಇಂದು ನಗದು, ನಾಳೆ ಉದ್ರಿ’ ಎಂದು ಬೋರ್ಡು ತೂಗುಹಾಕಿರುತ್ತಾರೆ. ಡಾಡ್ಜರ್ಸ್ ಅದನ್ನು ತಿರುಗಿಸಿ ಹಾಕಿ ವಿಶ್ವದ ಅತ್ಯುತ್ತಮ ಆಟಗಾರನನ್ನು ಉದ್ರಿಯಲ್ಲಿ ಕಟ್ಟಿಸಿಕೊಂಡು ಹೋಯಿತು.

ಇದರಲ್ಲಿ ಮೋಸವೇನೂ ಇಲ್ಲ, ಎಲ್ಲವೂ ನಿಯಮಬದ್ಧ. ಬಾಕಿ ಹಣವನ್ನು ಕ್ಲಬ್ ಮುಂಚಿತವಾಗಿ ತೆಗೆದಿಡಬೇಕೆಂಬ ಕಟ್ಟಳೆಯೂ ಇದೆ. ತಮಾಷೆಯೇ ಅದು. ಸಂಬಳ ಒಂದು ಮಿತಿ ಮೀರಿದರೆ ತಂಡಕ್ಕೆ ಐಷಾರಾಮಿ ತೆರಿಗೆ ಬೀಳುತ್ತದೆ. ಆ ಲೆಕ್ಕದ ಪುಸ್ತಕದಲ್ಲಿ ನಾಳೆಯ ರೂಪಾಯಿ ಇವತ್ತಿನ ರೂಪಾಯಿಗಿಂತ ಚಿಕ್ಕದು. ಹಾಗಾಗಿ ವರ್ಷಕ್ಕೆ 7 ಕೋಟಿಯ ಆಟಗಾರ ತೆರಿಗೆಯವರ ಕಣ್ಣಿಗೆ ಸುಮಾರು 4.6 ಕೋಟಿಯವನಾಗಿ ಕಾಣುತ್ತಾನೆ. ಪೇಪರಿನ ಮುಖಪುಟಕ್ಕೆ ಒಂದು ಬೆಲೆ, ತೆರಿಗೆಗೆ ಒಂದು, ಆಟಗಾರನ ಬ್ಯಾಂಕ್ ಖಾತೆಗೆ ಇನ್ನೊಂದು. 2034ರ ಹೊತ್ತಿಗೆ ಓಟಾನಿ ಕ್ಯಾಲಿಫೋರ್ನಿಯಾ ಬಿಟ್ಟು ಬೇರೆಡೆ ಮನೆ ಮಾಡಿದರೆ ಆ ರಾಜ್ಯದ ತೆರಿಗೆಯೂ ತಪ್ಪಬಹುದು. ರಾಜ್ಯದ ಹಣಕಾಸು ನೋಡಿಕೊಳ್ಳುವ ಕಂಟ್ರೋಲರ್ ಕಂಗಾಲಾಗಿ, ಇದಕ್ಕೊಂದು ಮಿತಿ ಹಾಕಿ ಎಂದು ಅಮೆರಿಕದ ಸಂಸತ್ತಿಗೇ ಮನವಿ ಮಾಡಿಕೊಂಡರು. ಹತ್ತು ವರ್ಷದ ನಂತರ ಬರಬೇಕಾದ, ಬಾರದೆಯೂ ಇರಬಹುದಾದ ಹಣಕ್ಕಾಗಿ ಹತ್ತು ವರ್ಷ ಮೊದಲೇ ಕಣ್ಣೀರು!

ಹೀಗೆ ಬೇರೆ ಬೇರೆ ಆಟಗಾರರಿಗೆ ಡಾಡ್ಜರ್ಸ್ ಮುಂದಕ್ಕೆ ಹಾಕಿದ ಬಾಕಿ ಈಗ ನೂರು ಕೋಟಿ ಡಾಲರು ದಾಟಿದೆ. 2024 ಮತ್ತು 2025ರ ವರ್ಲ್ಡ್ ಸೀರೀಸ್, ಅಂದರೆ ಲೀಗಿನ ಫೈನಲ್, ಎರಡನ್ನೂ ಅದೇ ಗೆದ್ದಿತು. ಕಪ್ಪು ನಗದಾಗಿ ಸಿಕ್ಕಿದೆ, ಬಿಲ್ಲು ಬಾಕಿ ಇದೆ.

ಉದ್ರಿಯ ಈ ಪುರಾಣಕ್ಕೆ ಆದಿಪುರುಷ ಬಾಬಿ ಬೊನಿಯಾ. 2000ದಲ್ಲಿ ನ್ಯೂಯಾರ್ಕ್ ಮೆಟ್ಸ್‌ಗೆ ಈತ ಬೇಡವಾಗಿದ್ದ, ಆದರೆ 59 ಲಕ್ಷ ಡಾಲರ್ ಕೊಡುವುದು ಉಳಿದಿತ್ತು. ಈಗ ಬೇಡ, 2011ರಿಂದ ಕೊಡಿ, ಶೇಕಡ 8ರ ಬಡ್ಡಿ ಸೇರಿಸಿ ಎಂದು ಕರಾರಾಯಿತು. ಮಾಲೀಕರಿಗೆ ಇದು ಲಾಭದ ಬಾಬತ್ತೆನಿಸಿತು. ಅವರ ಹಣವೆಲ್ಲ ಬರ್ನಿ ಮೇಡಾಫ್ ಎಂಬ ಮಹಾನುಭಾವರ ಬಳಿ ಇತ್ತು, ಅಲ್ಲಿಂದ ಶೇಕಡ 8ಕ್ಕಿಂತ ಹೆಚ್ಚೇ ಹುಟ್ಟುತ್ತಿತ್ತು, ಕಾಗದದ ಮೇಲೆ. 2008ರಲ್ಲಿ ಹೂಡಿಕೆದಾರರಿಗೆ ಟೋಪಿ ಹಾಕಿದ್ದಕ್ಕೆ ಮೇಡಾಫ್ ಬಂಧನವಾಗಿ ಆ ಕಾಗದ ಹರಿಯಿತು. ಬೊನಿಯಾನ ಕಾಗದ ಮಾತ್ರ ಗಟ್ಟಿಯಾಗಿಯೇ ಉಳಿಯಿತು. 2001ರಲ್ಲೇ ಕೊನೆಯ ಪಂದ್ಯ ಆಡಿದ ಮನುಷ್ಯನಿಗೆ 2035ರವರೆಗೆ ಪ್ರತಿ ಜುಲೈ 1ರಂದು 11,93,248 ಡಾಲರ್ 20 ಸೆಂಟ್ ಸಲ್ಲುತ್ತದೆ. ಆ 20 ಸೆಂಟ್ ಇದೆಯಲ್ಲ, ಅದರ ಮೇಲೆ ನನಗೆ ವಿಶೇಷ ಗೌರವ. ಅಭಿಮಾನಿಗಳು ಆ ದಿನವನ್ನು ಬೊನಿಯಾ ದಿನವೆಂದು ಆಚರಿಸುತ್ತಾರೆ. ಕೊನೆಯ ಕಂತು ಬರುವಾಗ ಆತನಿಗೆ 72 ವರ್ಷ.

ಆ ಉಳಿತಾಯದ ಬಲದಿಂದ ಮೆಟ್ಸ್ ಚೆಂಡು ಎಸೆಯುವ ಮೈಕ್ ಹ್ಯಾಂಪ್ಟನ್ ಎಂಬ ಪಿಚರ್‌ನನ್ನು ತಂದಿತು. ಒಂದೇ ಸೀಸನ್ ಆಡಿ ಆತ ಕೊಲರಾಡೊಗೆ ಹೊರಟ: ಎಂಟು ವರ್ಷಕ್ಕೆ 12.1 ಕೋಟಿ ಡಾಲರ್. ಯಾಕಪ್ಪಾ ಎಂದರೆ ಅಲ್ಲಿಯ ಶಾಲೆಗಳು ಚೆನ್ನಾಗಿವೆ, ಮಕ್ಕಳಿಗೆ ಅನುಕೂಲ ಎಂದ. ಮಕ್ಕಳ ಸೀಟಿಗಾಗಿ ಮನೆ ಬದಲಿಸುವ ಬೆಂಗಳೂರಿನ ತಂದೆತಾಯಿಯರು ಇವನನ್ನು ಅಪಾರ್ಥ ಮಾಡಿಕೊಳ್ಳಲಾರರು.

ಮೆಟ್ಸ್ ಈಗ ಬೇರೆ ಮಾಲೀಕರ ಕೈಯಲ್ಲಿದೆ, ಅವರದು ಕೈ ಬಿಚ್ಚಿದ ಕುಳ. 2024ರ ಡಿಸೆಂಬರಿನಲ್ಲಿ ಹುವಾನ್ ಸೋಟೊಗೆ 15 ವರ್ಷಕ್ಕೆ 76.5 ಕೋಟಿ, ಉದ್ರಿ ಇಲ್ಲದೆ! ಎದುರಾಳಿ ಯಾಂಕೀಸ್ ಕೂಡ 16 ವರ್ಷಕ್ಕೆ 76 ಕೋಟಿ ಕೊಡಲು ಸಿದ್ಧವಿತ್ತು. ಆದರೆ ಆಮೇಲೆ ಚರ್ಚೆ ಎದ್ದದ್ದು ಸ್ಟೇಡಿಯಮ್ಮಿನಲ್ಲಿ ಮನೆಮಂದಿ ಕೂರುವ ಸೂಟ್ ಬಗ್ಗೆ. ಮೆಟ್ಸ್ ಪುಕ್ಕಟೆ ಕೊಟ್ಟಿತು. ನಮ್ಮಲ್ಲಿ ದೊಡ್ಡ ದೊಡ್ಡ ಆಟಗಾರರೇ ಸೂಟಿಗೆ ದುಡ್ಡು ಕಟ್ಟುತ್ತಾರೆ ಎಂದು ಯಾಂಕೀಸ್‌ನವರು ಪಟ್ಟು ಹಿಡಿದರು. 76 ಕೋಟಿಗೆ ಹೂಂ, ಕುರ್ಚಿಗೆ ಊಹೂಂ. ಬೀಗರಿಗೆ ಬಂಗಾರ ಹಾಕಿ ಕಾಫಿಗೆ ಸಕ್ಕರೆ ಎಣಿಸುವವರನ್ನು ನೋಡಿದ್ದೇವಲ್ಲ. ಸೋಟೊ ತನಗೆ ಬೇಕಾದ 22ನೇ ಜರ್ಸಿ ನಂಬರ್ ಬಿಟ್ಟುಕೊಟ್ಟ ಸಹ ಆಟಗಾರನಿಗೆ ಷೆವರ್ಲೆ ಟಾಹೊ ಕಾರು ಕೊಟ್ಟ. ಅದಕ್ಕೂ ಹಿಂದಿನ ಚಳಿಗಾಲ 17ನೇ ನಂಬರಿಗಾಗಿ ಓಟಾನಿ ತಂಡದ ಜೋ ಕೆಲ್ಲಿಯ ಹೆಂಡತಿಗೆ ಪೋರ್ಷೆ ಕೊಟ್ಟಿದ್ದ. ಅಂಕಿಗೆ ಕಾರು ಬರುವ ಕಾಲ. ನಮ್ಮಲ್ಲಿ ಕಾರಿಗೆ ಫ್ಯಾನ್ಸಿ ಅಂಕಿ ಹರಾಜು ಹಾಕುವ ಆರ್‌ಟಿಓದವರು ಗಮನಿಸಬಹುದು.

ಕೈಕುಲುಕಿದರೂ ನಂಬುವಂತಿಲ್ಲ ಎಂಬುದಕ್ಕೆ ಕಾರ್ಲೊಸ್ ಕೊರಿಯಾನ ಕಾಲು ಸಾಕ್ಷಿ. 2022ರ ಡಿಸೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜಯಂಟ್ಸ್ ಜೊತೆ 13 ವರ್ಷಕ್ಕೆ 35 ಕೋಟಿ ಡಾಲರಿಗೆ ಮಾತಾಯಿತು. ಸುದ್ದಿಗೋಷ್ಠಿಗೆ ಕೆಲವೇ ಗಂಟೆ ಇರುವಾಗ ವೈದ್ಯರು ಹಳೆಯ ಗಾಯದ ಫಿಲ್ಮ್ ಹಿಡಿದು ಹುಬ್ಬು ಗಂಟಿಕ್ಕಿದರು. 2014ರಲ್ಲಿ ಶಸ್ತ್ರಚಿಕಿತ್ಸೆಯಾಗಿದ್ದ ಬಲಗಾಲು ಅದು. ಗೋಷ್ಠಿ ಮುಂದಕ್ಕೆ ಹೋಯಿತು, ಒಪ್ಪಂದ ಅಲ್ಲೇ ಬಿತ್ತು. ಅದೇ ರಾತ್ರಿ ಮೆಟ್ಸ್ 12 ವರ್ಷಕ್ಕೆ 31.5 ಕೋಟಿಗೆ ಎತ್ತಿಕೊಂಡಿತು. ಅಲ್ಲಿಯ ವೈದ್ಯರಿಗೂ ಅದೇ ಕಾಲು, ಅದೇ ಹುಬ್ಬು. ಕೊನೆಗೆ ಜನವರಿಯಲ್ಲಿ ಆತ ಮೊದಲಿದ್ದ ಮಿನೆಸೋಟ ಟ್ವಿನ್ಸ್ ತಂಡವೇ ಆರು ವರ್ಷಕ್ಕೆ 20 ಕೋಟಿ ಎಂದಿತು. ಒಂದು ಕಣಕಾಲಿಗೆ ತಿಂಗಳೊಪ್ಪತ್ತಿನಲ್ಲಿ 15 ಕೋಟಿ ಡಾಲರ್ ಇಳಿಕೆ. ಈ ಅವಧಿಯಲ್ಲಿ ಆತ ಒಂದು ಪಂದ್ಯವನ್ನೂ ಆಡಿರಲಿಲ್ಲ ಎಂಬುದನ್ನು ಮರೆಯಬೇಡಿ.

ಕೋಟಿಗಳ ಮಾತು ಹೀಗಾದರೆ, ಲಕ್ಷಗಳ ಜಗಳ ನೋಡಬೇಕು. ಇನ್ನೂ ಫ್ರೀ ಏಜೆಂಟ್ ಆಗದ ಆಟಗಾರನಿಗೂ ತಂಡಕ್ಕೂ ಸಂಬಳದಲ್ಲಿ ಹೊಂದಾಣಿಕೆಯಾಗದಿದ್ದರೆ ಮಧ್ಯಸ್ಥಿಕೆ ಪಂಚರ ಮುಂದೆ ಹೋಗುತ್ತಾರೆ. ಅಲ್ಲಿ ಆಟಗಾರ ಎದುರಿಗೇ ಕೂತಿರುವಾಗ, ಅವನನ್ನು ಮೆರವಣಿಗೆ ಮಾಡಿದ್ದ ಅದೇ ತಂಡ, ಇವನು ಯಾಕೆ ಅಷ್ಟೊಂದು ಒಳ್ಳೆಯವನಲ್ಲ ಎಂದು ವಾದಿಸುತ್ತದೆ. 2023ರಲ್ಲಿ ಮಿಲ್ವಾಕಿ ಬ್ರೂವರ್ಸ್ ಹೀಗೆ ಕಾರ್ಬಿನ್ ಬರ್ನ್ಸ್ ಎಂಬ ಪಿಚರ್‌ನನ್ನು ಎದುರು ಹಾಕಿಕೊಂಡಿತು. 2021ರಲ್ಲಿ ಲೀಗಿನ ಶ್ರೇಷ್ಠ ಪಿಚರ್ ಎಂದು ಸೈ ಯಂಗ್ ಪ್ರಶಸ್ತಿ ಪಡೆದವನು ಆತ. ಆತ ಕೇಳಿದ್ದು 1.075 ಕೋಟಿ, ತಂಡ ಹೇಳಿದ್ದು 1.001 ಕೋಟಿ, ವ್ಯತ್ಯಾಸ 7.4 ಲಕ್ಷ ಡಾಲರ್. ತಂಡ ಗೆದ್ದಿತು. ಹಿಂದಿನ ವರ್ಷ ತಂಡ ಮುಂದಿನ ಸುತ್ತಿಗೆ ಹೋಗದ್ದಕ್ಕೂ ನಾನೇ ಕಾರಣವೆಂಬಂತೆ ಮಾತಾಡಿದರು, ಸಂಬಂಧ ಕೆಟ್ಟಿತು ಎಂದು ಬರ್ನ್ಸ್ ಬಹಿರಂಗವಾಗಿ ಹೇಳಿದ. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರಲ್ಲ. ಇವರು ಆನೆಯನ್ನೂ ಕೊಡಲಿಲ್ಲ, ಮುಂದಿನ ಫೆಬ್ರವರಿಯಲ್ಲಿ ಬರ್ನ್ಸ್‌ನನ್ನೇ ಬಾಲ್ಟಿಮೋರಿಗೆ ಸಾಗಹಾಕಿದರು.

ಇನ್ನು ಅಥ್ಲೆಟಿಕ್ಸ್ ಎಂಬ ತಂಡದ ಕತೆ. ಇದಕ್ಕೆ ಸದ್ಯ ಊರೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ನಮ್ಮವರು ದಂಡಿಯಾಗಿರುವ ಫ್ರೀಮಾಂಟ್‌ಗೆ ಬರುತ್ತೇವೆಂದು 2006ರಲ್ಲಿ ಹೇಳಿ 2009ರಲ್ಲಿ ಕೈಕೊಟ್ಟವರು ಇವರೇ. 2024ರ ನಂತರ ಓಕ್ಲೆಂಡನ್ನೂ ಬಿಟ್ಟರು. ಲಾಸ್ ವೇಗಸ್‌ನಲ್ಲಿ ಸ್ಟೇಡಿಯಂ ಏಳುವ ತನಕ ಸ್ಯಾಕ್ರಮೆಂಟೊದ ಕೆಳದರ್ಜೆ ಲೀಗಿನ ಮೈದಾನದಲ್ಲಿ ಬಿಡಾರ. ಹೆಸರಿನ ಮುಂದೆ ಊರಿನ ಹೆಸರೂ ಬೇಡವೆಂದರು. ಹೀಗೆ ಗಂಟುಮೂಟೆ ಕಟ್ಟಿಕೊಂಡ ವರ್ಷವೇ, ಕ್ಲಬ್ಬಿನ ಅಲ್ಲಿಯವರೆಗಿನ ಇತಿಹಾಸದ ಅತಿ ದೊಡ್ಡ ಒಪ್ಪಂದ: ಲೂಯಿಸ್ ಸೆವೆರಿನೊಗೆ ಮೂರು ವರ್ಷಕ್ಕೆ 6.7 ಕೋಟಿ. ಸಿರಿವಂತ ತಂಡಗಳಿಂದ ಬರುವ ಪಾಲಿನ ಹಣವನ್ನು ಖರ್ಚು ಮಾಡದೆ ಗಂಟುಕಟ್ಟಿದರೆ ಆಟಗಾರರ ಸಂಘ ದೂರು ಕೊಡುತ್ತದೆಂಬ ಭಯಕ್ಕೇ ಈ ಔದಾರ್ಯ ಎಂದು ಪತ್ರಿಕೆಗಳು ಆಗಲೇ ಬರೆದವು.

ಇಷ್ಟೆಲ್ಲ ಆದಮೇಲೆ ಬಡತನದ ಗೋಳು. 2025ರ ಜನವರಿಯಲ್ಲಿ ಹಾಲ್ ಸ್ಟೈನ್‌ಬ್ರೆನ್ನರ್ ಎಂಬ ಮಾಲೀಕರು, ಡಾಡ್ಜರ್ಸ್ ಮಾಡುತ್ತಿರುವಂಥದ್ದನ್ನೆಲ್ಲ ನಮ್ಮಂಥ ಬಹುಪಾಲು ಮಾಲೀಕರು ಮಾಡುವುದು ಕಷ್ಟ ಎಂದು ನೊಂದುಕೊಂಡರು. ಪಾಪ, ಯಾವ ಹಳ್ಳಿಯ ತಂಡವೋ ಎಂದು ಮರುಗುವ ಮುನ್ನ ತಿಳಿಯಿರಿ: ಇವರು ನ್ಯೂಯಾರ್ಕ್ ಯಾಂಕೀಸ್‌ನ ಮಾಲೀಕರು. ಅದರ ಹಿಂದಿನ ತಿಂಗಳಷ್ಟೇ ಸೋಟೊಗೆ 76 ಕೋಟಿ ಹಿಡಿದು ನಿಂತಿದ್ದವರು.

ಮಾಲೀಕರಿಗೂ ಆಟಗಾರರ ಸಂಘಕ್ಕೂ ಇರುವ ಈಗಿನ ಕರಾರು 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಸಂಬಳಕ್ಕೊಂದು ಗರಿಷ್ಠ ಮಿತಿ ಹಾಕಬೇಕೆಂದು ಮಾಲೀಕರ ಕಡೆಯಿಂದ ರಾಗ ಶುರುವಾಗಿದೆ. ಚೆಕ್ಕಿಗೆ ಸಹಿ ಹಾಕುವ ತಮ್ಮ ಕೈಯನ್ನೇ ತಡೆಯಿರಿ ಎಂಬ ಕೋರಿಕೆ ಅದು. ಹಿಂದಿನ ಸಲ ಕರಾರು ಮುಗಿದಾಗ, 2021ರ ಡಿಸೆಂಬರ್ 2ರಂದು, ಮಾಲೀಕರು ಲಾಕೌಟ್ ಘೋಷಿಸಿ ಬಾಗಿಲು ಹಾಕಿಕೊಂಡರು. 99 ದಿನ ಸಹಿಯಿಲ್ಲ, ವರ್ಗಾವಣೆಯಿಲ್ಲ. ಲೀಗ್ ತನ್ನ ವೆಬ್‌ಸೈಟಿನಿಂದ ಆಟಗಾರರ ಮುಖಗಳನ್ನೇ ಅಳಿಸಿ, ಎಲ್ಲರಿಗೂ ಒಂದೇ ಅಚ್ಚಿನ, ಕಣ್ಣು ಮೂಗು ಬಾಯಿ ಇಲ್ಲದ ಬೂದು ಆಕೃತಿ ಕೂರಿಸಿತು. ಆಟಗಾರರೇನು ಕಡಿಮೆಯೇ? ಅದೇ ಮುಖವಿಲ್ಲದ ಆಕೃತಿಯನ್ನು ಒಬ್ಬರಾದ ಮೇಲೊಬ್ಬರು ತಮ್ಮ ಟ್ವಿಟರ್ ಖಾತೆಗಳಿಗೆ ಫೋಟೊ ಮಾಡಿಕೊಂಡರು.