ಎರಡನೇ ಗಾಳ ಯಾರ ಹೆಸರಿನಲ್ಲಿದೆ?

ಒಂದು ಗಾಳ ಹಾಕಿಕೊಂಡು ಕೂತವನನ್ನು ನಮ್ಮ ಶ್ರೀರಂಗಪಟ್ಟಣದ ಕಡೆ ಸೋಮಾರಿ ಎನ್ನುತ್ತಾರೆ. ಎರಡು ಗಾಳ ಹಾಕಿದವನು ಅಪರಾಧಿ ಎಂದು ನನಗೆ ತಿಳಿದದ್ದು ಹೋದ ತಿಂಗಳು.

ಕಾವೇರಿ ದಡದಲ್ಲಿ ಕೊಕ್ಕೆಗೆ ರಾಗಿ ಹಿಟ್ಟಿನ ಉಂಡೆ ಮೆತ್ತಿ, ಎಡಕ್ಕೊಂದು ಬಲಕ್ಕೊಂದು ಬೆಂಡು ತೇಲಿಬಿಟ್ಟು ಕೂತಿದ್ದೆ. ಕೊರಳಲ್ಲಿ ಸೀಟಿ ತೂಗುಹಾಕಿಕೊಂಡ ಕಾವಲಿನ ಹುಡುಗ ಸೈಕಲ್ ಒರಗಿಸಿ ಹತ್ತಿರ ಬಂದ.

"ಮೇಷ್ಟ್ರೇ, ಒಂದು ಗಾಳವಾದರೆ ಹವ್ಯಾಸ. ಎರಡಾದರೆ ಕಸುಬು. ಕಸುಬಿಗೆ ಪರವಾನಗಿ ಬೇಕು."

ಕನ್ನಡಕ ಹಾಕಿದವರೆಲ್ಲ ನಮ್ಮ ಕಡೆ ಮೇಷ್ಟ್ರೇ. ನಾನು ನಿಜಕ್ಕೂ ಮೇಷ್ಟ್ರಾಗಿದ್ದೆ, ಅದು ಬೇರೆ ಮಾತು. ಹಾಗಾಗಿ ಹಳೆಯ ಚಾಳಿಯಂತೆ ಕೇಳಿದೆ: "ಎಲ್ಲಿ ಬರೆದಿದೆಯಪ್ಪ?"

"ಬರೆದಿರುವುದನ್ನೆಲ್ಲ ಓದುತ್ತಾ ಕೂತರೆ ನದಿ ಕಾಯುವವರು ಯಾರು?"

ಮಾತು ಸರಿಯೇ. ಓದುವ ಕೆಲಸವನ್ನು ನಾನೇ ವಹಿಸಿಕೊಂಡೆ. ಸಿಡಿಮದ್ದು ಸಿಡಿಸಿ, ನೀರಿಗೆ ವಿಷ ಬೆರೆಸಿ ಮೀನು ಕೊಲ್ಲಬಾರದೆಂದು ಬ್ರಿಟಿಷರ 1897ರ ಕಾಯಿದೆಯೇ ಹೇಳಿದೆ. ಬಲೆಯ ಮಾತೂ ಅಲ್ಲಿದೆ. ಗಾಳಗಳನ್ನು ಕೂತು ಎಣಿಸಿದವರು ಮಾತ್ರ ಆ ಪುಟಗಳಲ್ಲಿ ಸಿಗಲಿಲ್ಲ.

ಎಣಿಸುವವರು ಬೇರೆ ದೇಶಗಳಲ್ಲಿದ್ದಾರೆ. ನನ್ನ ತಂಗಿಯ ಮಗ ಅಮೆರಿಕದ ಮಿನ್ನೆಸೋಟದಲ್ಲಿದ್ದಾನೆ. ಅಲ್ಲಿ ಬೇಸಿಗೆಯಲ್ಲಿ ಒಬ್ಬರಿಗೆ ಒಂದೇ ದಾರವಂತೆ; ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸರೋವರಕ್ಕೆ ತೂತು ಕೊರೆದು ಕೂತರೆ ಎರಡು. ಮಂಡ್ಯದಲ್ಲಿ ಹೆಪ್ಪುಗಟ್ಟುವುದು ಹಾಲು ಒಂದೇ ಆದ್ದರಿಂದ ಆ ಸವಲತ್ತು ನಮಗಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಎರಡನೆಯದಕ್ಕೆ ಬೇರೆಯಾಗಿ ದುಡ್ಡು ಕಟ್ಟಬೇಕು. ಇಂಗ್ಲೆಂಡಿನವರಂತೂ ಟೇಪು ಹಿಡಿದೇ ನಿಯಮ ಬರೆದಿದ್ದಾರೆ: ಒಂದಕ್ಕಿಂತ ಹೆಚ್ಚು ಗಾಳ ಹೂಡಿದರೆ ಈ ತುದಿಯ ಗಾಳದ ಹಿಡಿಗೂ ಆ ತುದಿಯ ಗಾಳದ ಹಿಡಿಗೂ ನಡುವೆ 3 ಮೀಟರಿಗಿಂತ ಹೆಚ್ಚು ಅಂತರ ಇರಕೂಡದು. ನಗು ಬರುತ್ತದೆ, ನಿಜ. ಆದರೆ ಬೈಸಿಕೊಳ್ಳುವ ಮೊದಲೇ ಓದಿಕೊಳ್ಳಬಹುದಲ್ಲ!

ನಾನು ಒಂದು ಕಚೇರಿಗೆ ಹೋದೆ. ಯಾವುದೆಂದು ಹೇಳುವುದಿಲ್ಲ, ಆ ಮೆಟ್ಟಿಲನ್ನು ಇನ್ನೊಮ್ಮೆ ಹತ್ತುವುದಿದೆ. ಗುಮಾಸ್ತರು ಅರ್ಜಿ ಕೊಟ್ಟರು. ಬಲೆ ಎಷ್ಟು ಉದ್ದ, ಬಲೆಯ ಕಣ್ಣು ಎಷ್ಟು ಅಗಲ, ಹರಿಗೋಲು ಎಷ್ಟಿವೆ ಎಂದೆಲ್ಲ ಅದರಲ್ಲಿತ್ತು. ಗಾಳಕ್ಕೆ ಕಾಲಂ ಇರಲಿಲ್ಲ.

"ನಿಮ್ಮ ಗಾಳಕ್ಕೆ ಕಣ್ಣು ಎಷ್ಟು?"

"ಗಾಳಕ್ಕೆ ಕಣ್ಣಿರುವುದಿಲ್ಲ ಸ್ವಾಮಿ."

"ಹಾಗಾದರೆ ಬಲೆ, ಕಣ್ಣು ಸೊನ್ನೆ ಎಂದು ಬರೆಯಿರಿ."

ಬರೆದೆ. ಪಕ್ಕದ ಮೇಜಿನವರು ಅದನ್ನು ಓದಿ ಹೌಹಾರಿದರು. ಬಲೆಯ ಕಣ್ಣು ಕಿರಿದಾದಷ್ಟೂ ಮರಿಮೀನು ಬೀಳುತ್ತದೆ. ಸೊನ್ನೆ ಕಣ್ಣೆಂದರೆ ಸೊಳ್ಳೆ ಪರದೆಗಿಂತಲೂ ಕಡೆ, ಮೀನಿನ ವಂಶವೇ ನಿರ್ಮೂಲ! "ನಿಮ್ಮಂಥ ವಿದ್ಯಾವಂತರೇ ಹೀಗೆ ಮಾಡಿದರೆ ಹೇಗೆ?" ಎಂದು ಅವರು ಕೇಳಿದಾಗ ನನಗೂ ಕ್ಷಣಕಾಲ ನಾಚಿಕೆಯಾಯಿತು. ಮೂರನೆಯ ಮೇಜಿನವರು ಸಮಾಧಾನಿಗಳು. ನೀರು ಒಂದು ಇಲಾಖೆಯದು, ನೀರೊಳಗಿನ ಮೀನು ಇನ್ನೊಂದರದು, ದಡ ಮತ್ತೊಂದರದು, ಆ ಮೀನು ತಿನ್ನುವ ಕೊಕ್ಕರೆ ಮಗದೊಂದರದು ಎಂದು ಬಿಡಿಸಿ ಹೇಳಿದರು. ಗಾಳ ಮಾತ್ರ ನನ್ನದು. ಕ್ರಮ ಜರುಗಿಸಲು ಅಷ್ಟು ಸುಲಭವಾಗಿ ಕೈಗೆ ಸಿಗುವುದು ಅದೊಂದೇ.

"ಎರಡನೇ ಗಾಳ ಯಾರ ಹೆಸರಿನಲ್ಲಿದೆ?" ಎಂದೂ ಅವರು ಕೇಳಿದರು. ಪ್ರಶ್ನೆ ಅರ್ಥವಾಗದೆ ಹೊರಗೆ ಬಂದೆ.

ಅರ್ಥವಾದದ್ದು ವಿ.ಸಿ. ನಾಲೆಯ, ಅಂದರೆ ವಿಶ್ವೇಶ್ವರಯ್ಯ ನಾಲೆಯ, ಏರಿಯ ಮೇಲೆ. ಅಲ್ಲೊಬ್ಬ ಯಜಮಾನರು ಐದು ಗಾಳ ನೆಟ್ಟು, ಬೀಡಿ ಹಚ್ಚಿ ರಾಜನಂತೆ ಕೂತಿದ್ದರು. ನನ್ನ ಕಥೆ ಕೇಳಿ ನಕ್ಕರು. "ಇದು ನನ್ನದು. ಅದು ನನ್ನ ಹೆಂಡತಿಯದು. ಆಚೆಯವು ಮೂರು ಮೊಮ್ಮಕ್ಕಳವು. ಅವರು ಸ್ಕೂಲಿಗೆ ಹೋಗಿದ್ದಾರೆ, ನಾನು ನೋಡಿಕೊಳ್ಳುತ್ತಿದ್ದೇನೆ. 1974ರಲ್ಲಿ ಭೂಸುಧಾರಣೆ ಬಂದಾಗ ಇಂತಿಷ್ಟೇ ಎಕರೆ ಎಂದರು. ಆಗ ತೊಟ್ಟಿಲಲ್ಲಿದ್ದ ಕೂಸುಗಳೂ ಜಮೀನುದಾರರಾಗಲಿಲ್ಲವೇ ಮೇಷ್ಟ್ರೇ? ಗಾಳವೇನು ಮಹಾ! ಪೋಡಿ ಮಾಡಿಸಿ ಹೆಸರಿಗೊಂದರಂತೆ ಹಂಚಿಕೊಳ್ಳಿ."

ಮಾತಾಡುತ್ತಿದ್ದಂತೆಯೇ ಅವರ ಮೂರನೇ ಮೊಮ್ಮಗನ ಗಾಳಕ್ಕೆ ಒಂದು ಜಿಲೇಬಿ ಬಿತ್ತು. ಮೈಸೂರಿನ ಮಿಠಾಯಿಯಲ್ಲ, ಮೀನು.

ಗಾಳದವನ ಗತಿ ಮೊದಲು ಹೀಗಿರಲಿಲ್ಲ. 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಮೀನು ಹಿಡಿದು ದಾಖಲೆ ಮಾಡಿದವರು ನಮ್ಮ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರು. ಆಮೇಲೆ ಮಳವಳ್ಳಿ ಕಡೆಯ ಭೀಮೇಶ್ವರಿಯಲ್ಲಿ ದೇಶವಿದೇಶದವರು ಮಹಶೀರ್ ಹಿಡಿದು, ತೂಗಿ, ಫೋಟೋ ತೆಗೆಸಿಕೊಂಡು ನೀರಿಗೇ ಬಿಡುತ್ತಿದ್ದರು. ಅಭಯಾರಣ್ಯದೊಳಗೆ ಹಿಡಿಯುವುದೂ ಬೇಟೆಯೇ ಎಂದು 1972ರ ವನ್ಯಜೀವಿ ಕಾಯಿದೆ ಹೇಳುವುದರಿಂದ ಅದೂ ನಿಂತಿತು. ಕಾಯಿದೆಯ ಅರ್ಥ ನನಗೆ ಒಪ್ಪಿಗೆಯೇ. ಆದರೆ ಗಾಳದವರು ಹೋದ ಮೇಲೆ ಆ ಮಡುಗಳಲ್ಲಿ ರಾತ್ರಿ ಬರುವವರ ಮೇಲೆ ಕಣ್ಣಿಡುವವರೂ ಕಡಿಮೆಯಾದರೆಂದು ಹಳಬರು ಗೊಣಗುವುದನ್ನು ಕೇಳಿದ್ದೇನೆ.

ಕಳೆದ ಭಾನುವಾರ ಕಾನೂನಿಗೆ ತಲೆಬಾಗಿ ಒಂದೇ ಗಾಳದೊಂದಿಗೆ ಹೋಗಿದ್ದೆ. ಎರಡನೆಯದು ಮನೆಯಲ್ಲಿತ್ತು, ಅದನ್ನು ಹೆಂಡತಿಯ ಹೆಸರಿಗೆ ಮಾಡುವ ಮಾತುಕತೆ ಇನ್ನೂ ನಡೆಯುತ್ತಿದೆ, ಅವಳು ಒಪ್ಪುತ್ತಿಲ್ಲ. ಬೆಂಡು ನೀರಿನಲ್ಲಿ ನಿಂತಿತ್ತಷ್ಟೇ, ಬಂಡೆಗಳ ಆಚೆ 'ಢಂ' ಎಂದಿತು. ನದಿ ಒಮ್ಮೆ ಮೈ ಕೊಡವಿತು. ಸ್ವಲ್ಪ ಹೊತ್ತಿಗೆ ಬೆಳ್ಳಗೆ ಹೊಟ್ಟೆ ಮೇಲಾಗಿ ಒಂದೊಂದೇ ಮೀನು ತೇಲಿಬಂತು. ಹೆಬ್ಬೆರಳಿನಷ್ಟಿದ್ದ ಮರಿಗಳೂ ಇದ್ದವು. ಆಚೆ ಮೂವರು ನೀರಿಗಿಳಿದು ಚೀಲ ತುಂಬತೊಡಗಿದರು.

ಸೀಟಿಯ ಹುಡುಗ ಸೈಕಲ್ ಒರಗಿಸಿ ಬಂದ. ನನ್ನ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಒಂದೇ ಗಾಳ. ಮುಖ ಅರಳಿತು.

"ಆ ಸದ್ದು ಕೇಳಿಸಲಿಲ್ಲವೇನಪ್ಪ?" ಎಂದೆ.

"ಕೇಳಿಸಿತು ಮೇಷ್ಟ್ರೇ. ಅವರ ಹತ್ತಿರ ಗಾಳವೇನಾದರೂ ಇತ್ತೇ?"

"ಇರಲಿಲ್ಲ."

"ಮತ್ತೆ?" ಎಂದು ಅವನು ಸೈಕಲ್ ಹತ್ತಿದ.